ಹೊಟ್ಟೆ ಒಳಗೆಳೆಯದ ಫೋಟೋ

ಗಿರಾಕಿಗಳ ಫೋಟೋಗಳಲ್ಲಿ ನಾನು ಕರಗಿಸಿದ ಹೊಟ್ಟೆಗಳನ್ನೆಲ್ಲ ರಾಶಿ ಹಾಕಿದರೆ ಸೂರ್ಯ ಅದರ ಹಿಂದೆಯೇ ಮುಳುಗಬೇಕು. ನನ್ನ ಸ್ಟುಡಿಯೋದ ಖ್ಯಾತಿ ಅಂಥದ್ದು. ಆದರೆ ಸ್ವಂತ ಹೊಟ್ಟೆಗೆ ಹೆದರಿ ಇಪ್ಪತ್ತು ವರ್ಷ ನಾನೇ ಕ್ಯಾಮೆರಾದ ಮುಂದೆ ಬಂದಿರಲಿಲ್ಲ.

"ನಾಳೆ ನಿನ್ನ ಮಗಳು ಆಲ್ಬಮ್ ನೋಡಿ ಅಮ್ಮ ಎಲ್ಲಿ ಅಂತ ಕೇಳಿದ್ರೆ ಕ್ಯಾಮೆರಾನ ತೋರಿಸ್ತೀಯಾ, ಅಕ್ಕಾ?" ಎಂದಳು ತಂಗಿ. ಮಾತು ನಾಟಿತು.

ಆ ಭಾನುವಾರ ಅಂಗಡಿಯ ಬಾಗಿಲೆಳೆದು, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಹೊಟ್ಟೆ ಒಳಗೆಳೆದು ನಿಂತೆ. ಉಸಿರು ಒಂಬತ್ತಕ್ಕೇ ಕೈಕೊಡುತ್ತಿತ್ತು. ಮುನ್ನೂರು ಫೋಟೋ ತೆಗೆದೆ. ಮುನ್ನೂರರಲ್ಲೂ ಕಣ್ಣು ಬಿಟ್ಟ ಕಪ್ಪೆ! ಸೋಲುವವಳೇ ನಾನು? ಮುನ್ನೂರ ಒಂದನೆಯದಕ್ಕೆ ಉಸಿರನ್ನೂ ಹೊಟ್ಟೆಯನ್ನೂ ಅವುಗಳ ಪಾಡಿಗೆ ಬಿಟ್ಟು ನೆಟ್ಟಗೆ ನೋಡಿದೆ. ಕಂಪ್ಯೂಟರ್ ಪರದೆಯ ಮೇಲೆ ದಪ್ಪನೆಯ ಹೆಂಗಸೊಬ್ಬಳು ಯಾರಿಗೂ ಜಗ್ಗದವಳಂತೆ ನಿಂತಿದ್ದಳು. ಅಭ್ಯಾಸಬಲದಿಂದ ಮೌಸ್ ಅವಳ ಸೊಂಟದತ್ತ ಹೊರಟಿತು. ಕೈಯನ್ನು ಹಿಂದಕ್ಕೆಳೆದುಕೊಂಡೆ.

ಮರುದಿನ ಆ ಫೋಟೋ ಆಳೆತ್ತರವಾಗಿ ಅಂಗಡಿಯ ಗಾಜಿನ ಹಿಂದೆ ನಿಂತಿತು.

"ಅಯ್ಯೋ, ಹೊಟ್ಟೆ ಹಾಗೇ ಬಿಟ್ಟಿದೀಯಲ್ಲೇ!" ಎಂದಳು ತಂಗಿ.

"ಇರ್ಲಿ ಬಿಡೇ, ನನ್ನದೇ ತಾನೇ. ಮಗಳನ್ನ ಕರಿ, ಈಗ ನಾವಿಬ್ಬರೂ ನಿಲ್ತೀವಿ. ಬಟನ್ ನೀನು ಒತ್ತು."