ನೀಲಿ ಹೆಬ್ಬೆಟ್ಟು

ಮತ್ತೆ ಅದೇ ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತಿದೆ, ಮಿಟುಕು, ನಿನ್ನ ಮನೆ ಹಾಳಾಗ, ಬೆಳಿಗ್ಗೆ ನೆಟ್ಟಗಿದ್ದೆಯಲ್ಲ, ಪವಿತ್ರ ಟೈಪಿಂಗ್ ಸೆಂಟರಿನ ಮಾನ ಕಳೆಯಲು ಇದೇ ಹೊತ್ತು ಬೇಕಿತ್ತೇ ನಿನಗೆ — ಬಟನ್ ಒತ್ತಿ ಹಿಡಿದೆ, ಇಪ್ಪತ್ತು ಎಣಿಸಿದೆ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಮತ್ತೆ ಹಾಕಿದೆ, ಕಂಪನಿಯ ಹೆಸರು ಬರುತ್ತದೆ, ಹೋಗುತ್ತದೆ, ಮತ್ತೆ ಅದೇ ಗೆರೆ, ಅದರಾಚೆ ಬೆಂಚಿನ ಮೇಲೆ ಆ ಹೆಬ್ಬೆಟ್ಟು, ನೀಲಿ ಶಾಯಿ ಮೆತ್ತಿದ್ದು, ತಮ್ಮ ಲೋಕೇಶ ಕೊಡಿಸಿದ ಹೊಸ ಸೀರೆಗೆ ತಾಗದಿರಲೆಂದು ಮೇಲೆತ್ತಿ ಹಿಡಿದುಕೊಂಡೇ ಕೂತಿದ್ದಾಳೆ ಚಿಕ್ಕಬೋರಮ್ಮ. ಪತ್ರ ಇನ್ನೂ ಪ್ರಿಂಟೇ ಆಗಿಲ್ಲ, ಅಷ್ಟರಲ್ಲೇ ಅಕ್ಕನ ಕೈ ಹಿಡಿದು ಪ್ಯಾಡಿಗೆ ಒತ್ತಿಬಿಟ್ಟ ಈ ಲೋಕೇಶ, ಏನು ಅವಸರವೋ ಇವನಿಗೆ. ಏನ್ ಮೇಡಂ, ಅನ್ನೊಂದೂವರೆಗೆ ರಿಜಿಸ್ಟ್ರಾರ್ ಆಫೀಸಲ್ಲಿ ಟೈಮ್ ಕೊಟ್ಟವ್ರೆ, ತಪ್ಪೋದ್ರೆ ಇನ್ನೊಂದ್ ವಾರ ಸಿಕ್ಕಲ್ಲ, ಅಂತಾನೆ. ಸಿಕ್ಕದಿರಲಿ ಕಣೋ, ನಿನ್ನ ತಲೆ ಮೇಲೆ ಆಕಾಶ ಬೀಳಲ್ಲ. ವಕೀಲರು ಬರೆದದ್ದನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ, ತೆರೆದು ಓದಿದೆ — ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಹೊಸಹೊಳಲಿನ ನಾಲೆ ಪಕ್ಕದ ಗದ್ದೆಯಲ್ಲಿ ನನಗಿರುವ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆ — ಅಲ್ಲಿಗೇ ಲ್ಯಾಪ್‌ಟಾಪು ಕಲ್ಲಾಯಿತು, ಆರಿಸಿದೆ, ಮತ್ತೆ ಹತ್ತಲೇ ಇಲ್ಲ.

ಸ್ವಇಚ್ಛೆಯಂತೆ, ಥೂ. ಆ ಸಾಲನ್ನು ಇದೇ ಬೆರಳುಗಳಲ್ಲಿ ನನ್ನ ಪಾಲಿನ ಪತ್ರಕ್ಕೂ ನಾನೇ ಟೈಪ್ ಮಾಡಿಕೊಂಡವಳು, ಮೂರು ವರ್ಷವಾಯಿತು, ಅಣ್ಣ ಶಿವಶಂಕರ ಎದುರಿಗೆ ಕೂತು ಟೀ ಕುಡಿಯುತ್ತಿದ್ದ, ನೀನೇನ್ ಬೇರೆಯವ್ಳಾ ಕಣವ್ವ, ತವರುಮನೆ ಎಲ್ಲೋಯ್ತದೆ, ಅಂದ. ಮೊದಲ ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ತಂದ, ಎರಡನೆಯದಕ್ಕೆ ಫೋನು ಮಾಡಿದ, ಮೂರನೆಯದಕ್ಕೆ ಅದೂ ಇಲ್ಲ, ನಾನು ಬಾಗಿಲಲ್ಲಿ ನಿಂತು ಸಂಜೆವರೆಗೂ ಕಾದೆ, ನನಗೆ ನನ್ನ ಮೇಲೇ ಮೈಯೆಲ್ಲ ಉರಿಯುತ್ತದೆ. ಚಿಕ್ಕಬೋರಮ್ಮಕ್ಕ, ನಿಮ್ಗೆ ಮನ್ಸಿದ್ಯಾ ಅಂತ ಆಗಲೇ ಕೇಳಿದೆನಲ್ಲ, ಅವಳು ತಮ್ಮನ ಕಡೆ ನೋಡಿ, ಅಯ್ಯೋ, ಆ ಗದ್ದೇಲಿ ನಾಟಿ ಆಕಿದ್ ಕೈ ಕಣವ್ವ ಇದು, ಆದ್ರೆ ಅಬ್ಬಕ್ಕೆ ಕರ್ಯೋರು ಬೇಡ್ವಾ, ಅಂದಳು, ಹೆಬ್ಬೆಟ್ಟು ಮಾತ್ರ ಇಳಿಸಲಿಲ್ಲ.

ಲ್ಯಾಪ್‌ಟಾಪನ್ನು ಬೋರಲು ಹಾಕಿ ಬ್ಯಾಟರಿ ತೆಗೆಯೋಣವೆಂದು ಎತ್ತಿದರೆ ಪಕ್ಕದಲ್ಲಿ ಕೈಗೆ ತಾಗಿತು — ಪೆನ್‌ಡ್ರೈವು, ಇನ್ನೂ ಚುಚ್ಚಿಕೊಂಡೇ ಇದೆ, ಅಯ್ಯೋ ನನ್ನ ಬುದ್ಧಿಗಿಷ್ಟು, ಹೋದ ತಿಂಗಳೂ ಹೀಗೇ ಆಗಿತ್ತು, ಅದು ಸಿಕ್ಕಿಸಿದ್ದರೆ ಈ ಹಾಳು ಮಿಷಿನ್ನು ಅದರಿಂದಲೇ ಶುರುವಾಗಲು ಹೋಗಿ ಒದ್ದಾಡುತ್ತದೆ. ಕಿತ್ತೆ, ಮುಷ್ಟಿಯೊಳಗಿಟ್ಟೆ, ಬಟನ್ ಒತ್ತಿದೆ. ಬಂತು. ನೀಲಿ ಬೆಳಕು, ನನ್ನ ಮಗಳ ಫೋಟೋ, ಎಲ್ಲ ಬಂತು, ಪರದೆ ನನ್ನ ಕಡೆಗಿದೆ, ಲೋಕೇಶನಿಗೆ ಕಾಣುವುದಿಲ್ಲ. ಮುಚ್ಚಿಬಿಟ್ಟೆ. ಆಗಲ್ಲ ಕಣಣ್ಣ, ಮಿಷಿನ್ ಕೆಟ್ಟೋಗಿದೆ, ಮುಂದಿನ್ ವಾರ ಬನ್ನಿ — ನನ್ನ ಬಾಯೇ ಹೇಳಿತು, ಒಂದು ವಾರ, ಒಂದು ವಾರ ಸಿಕ್ಕರೆ ಅವಳೊಬ್ಬಳನ್ನೇ ಕೂರಿಸಿಕೊಂಡು ನನ್ನ ಮೂರು ಗೌರಿ ಹಬ್ಬಗಳನ್ನೂ ಹೇಳುತ್ತೇನೆ. ಲೋಕೇಶ ಎದ್ದೇಬಿಟ್ಟ, ಆಳಾಗೋಗ್ಲಿ ಬುಡಿ, ಪಕ್ಕದಂಗ್ಡೀಲಿ ಮಾಡುಸ್ತೀನಿ, ಪೆನ್‌ಡ್ರೈವ್ ಕೊಡಿ ಇತ್ಲಾಗೆ. ಕೊಡಲ್ಲ ಕಣೋ, ಮುಷ್ಟಿ ಬಿಚ್ಚುತ್ತಿಲ್ಲ, ಬಿಚ್ಚುವುದೂ ಇಲ್ಲ, ಏನು ಮಾಡುತ್ತೀಯೋ ಮಾಡು, ಅವನ ಕೈ ಚಾಚಿಯೇ ಇದೆ, ಅವನ ಹಿಂದೆ ಚಿಕ್ಕಬೋರಮ್ಮನೂ ಎದ್ದು ನಿಂತಳು, ಸೆರಗು ಸರಿ ಮಾಡಿಕೊಂಡಳು, ಅದೂ ಎಡಗೈಯಲ್ಲಿ, ಬಲಗೈ ಹಾಗೇ ಮೇಲಿದೆ, ನನ್ನ ಹತ್ತಿರ ಬಂದು ಮೆಲ್ಲಗೆ, ಕೊಟ್ಬುಡವ್ವ, ಇಂಕು ಒಣ್ಗೋಯ್ತದೆ — ಒಣಗಲಿ, ಒಣಗಲಿ ಅಕ್ಕ, ಒಣಗಿ ಉದುರಿಹೋಗಲಿ — ಅವಳು ನನ್ನ ಮುಖಕ್ಕೆ ಹಿಡಿದಿದ್ದಾಳೆ, ಇನ್ನೂ ಹಸಿಯಾಗಿರುವ ಆ ನೀಲಿ ಹೆಬ್ಬೆಟ್ಟು.