ಉತ್ತರ ಕಾಣದ ಓಲೆ

ಮಗಳು ಸತ್ತ ಮೂವತ್ತೈದನೆಯ ದಿನ ಕಾಗದದವನು ಬುಟ್ಟಿ ಹೊತ್ತು ಬಂದು ಹಿತ್ತಲ ಬಾಗಿಲಲ್ಲಿ ಕುಳಿತ. ಸತ್ತವರ ಕೈಬರಹವನ್ನೆಲ್ಲ ನೆನೆಹಾಕಿ, ಕುಟ್ಟಿ, ಅದರಿಂದಲೇ ಹೊಸ ಹಾಳೆ ಮಾಡಿ, ಅದರ ಮೇಲೆ ಬುದ್ಧನ ಸೂತ್ರ ಬರೆಸಿದರೆ ಹೋದ ಜೀವಕ್ಕೆ ದಾರಿ ಸುಗಮ. ಎಷ್ಟು ತೊಳೆದರೂ ಮಸಿ ಪೂರ್ತಿ ಬಿಡುವುದಿಲ್ಲ, ಹಾಳೆ ಬೂದಿ ಬಣ್ಣಕ್ಕೇ ಬರುತ್ತದೆ. ಜೀವ ಮುಂದಿನ ಜನ್ಮಕ್ಕೆ ದಾಟುವ ನಲವತ್ತೊಂಬತ್ತನೆಯ ದಿನದೊಳಗೆ ಸೂತ್ರ ಮುಗಿಯಬೇಕು. ಹಾಗಾಗಿ ಕೊಡುವುದನ್ನು ಇವತ್ತೇ ಕೊಡಬೇಕು.

ಬುಟ್ಟಿಗೆ ಹಾಕುವ ಮುನ್ನ ತಜಿಮಾ ಒಂದೊಂದು ಓಲೆಯನ್ನೂ ಬಿಡಿಸಿ ನೋಡುತ್ತಿದ್ದಳು. ತಂದೆ ತಜಿಮಾ ಸೀಮೆಯ ಅಧಿಕಾರಿಯಾಗಿದ್ದರಿಂದ ಅರಮನೆಯಲ್ಲಿ ಅವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಮಹಾರಾಣಿಯ ಓಲಗದಲ್ಲಿ ಅವಳನ್ನು ಮೀರಿಸಿ ಪದ್ಯ ಕಟ್ಟುವವರಿರಲಿಲ್ಲ. ಅಂಥವಳಿಗೆ ಈಗ ಬೇಕಾಗಿದ್ದುದು ಒಂದೇ, ಮಗಳು ಸುನೆಕೊಳ ಸ್ವಂತದ್ದೊಂದು ಮಾತು. ಒಂದು ಸಿಕ್ಕರೆ ಸಾಕು, ಸೂತ್ರಕ್ಕೂ ಕೊಡದೆ ತನ್ನ ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಳ್ಳುವುದೆಂದು ತೀರ್ಮಾನಿಸಿದ್ದಳು.

ಸಿಗುತ್ತಿರಲಿಲ್ಲ. ಬಟ್ಟೆಗೆ ಬಣ್ಣ ಅದ್ದಲು ಕೂತರೆ ಊಟ ಮರೆಯುತ್ತಿದ್ದ ಹುಡುಗಿ, ಪದ್ಯ ಬರೆ ಎಂದರೆ ಅಕ್ಷರದ ಲೆಕ್ಕಕ್ಕೆ ಬೆರಳೆಣಿಸುತ್ತ ಅಳುತ್ತಿದ್ದಳು. ಆದರೆ ಹೆಂಡತಿ ತವರಲ್ಲೇ ಇರುವುದು, ಗಂಡ ಬಂದುಹೋಗುವುದು, ನಡುವೆ ಇಬ್ಬರೂ ಪದ್ಯದ ಓಲೆ ಕಳಿಸಿಕೊಳ್ಳುವುದು ಅಲ್ಲಿಯ ರೂಢಿ. "ಅಮ್ಮಾ, ಒಂದು ಹೇಳಿಕೊಡು" ಎಂದು ಬಂದರೆ ತಜಿಮಾಗೆ ತಾಳ್ಮೆ ಎಲ್ಲಿತ್ತು? ಕಲಿಸುವುದು ಬಿಟ್ಟು ತಾನೇ ಕಟ್ಟಿ ಹೇಳಿಬಿಡುವಳು, ಮಗಳು ಬರೆದುಕೊಳ್ಳುವಳು. ಊರಲ್ಲಿ ಎಲ್ಲ ತಾಯಂದಿರು ಮಾಡುವುದೂ ಅದೇ, ಮೂಗು ಮುರಿಯುವವರಿಲ್ಲ. ಆದರೆ ಈಗ ನೋಡಿದರೆ ಅಕ್ಷರ ಮಗಳದು, ಮಾತೆಲ್ಲ ತನ್ನದು. ಮಗಳನ್ನು ಹುಡುಕಿಕೊಂಡು ಹೋದವಳಿಗೆ ಎಲ್ಲಿ ನೋಡಿದರೂ ತಾನೇ ಎದುರಾಗುತ್ತಿದ್ದಳು.

"ಅಳಿಯಂದಿರು ಬಂದವ್ರೆ ಅಮ್ಮಾವ್ರೇ," ಎಂದಳು ಸುನೆಕೊಳನ್ನು ಎತ್ತಿ ಆಡಿಸಿದ ಮುದಿ ದಾದಿ ಮಿನೊ. "ಊರು ಕೊಳ್ಳೆಹೋದ್ಮೇಲೆ ಕೋಟೆ ಬಾಗ್ಲು ಹಾಕೋಕೆ."

"ಸುಮ್ನಿರೇ, ಕೇಳಿಸುತ್ತೆ."

"ಕೇಳಿಸ್ಲಿ ಅಂತ್ಲೇ ಅಂದೆ."

ಹರುತೊಕಿ ಶೋಕದ ಬೂದು ಬಟ್ಟೆಯಲ್ಲಿ ಬಂದು ಬಿದಿರಿನ ತೆರೆಯ ಆಚೆ ಕುಳಿತ. ತೆರೆಯ ಅಡಿಯಿಂದ ಓಲೆಗಳ ಕಟ್ಟನ್ನು ಒಳಗೆ ಸರಿಸಿದ.

"ಮೂವತ್ತೆರಡಿವೆ ಅತ್ತೆಯವರೇ. ಕೊಡೋಕೆ ಮನಸ್ಸೇ ಬರಲಿಲ್ಲ. ಬೇಜಾರು ಮಾಡ್ಕೋಬೇಡಿ, ಲೋಕ ನಿಮ್ಮನ್ನ ಹೊಗಳುತ್ತೆ, ಆದ್ರೆ ನಿಮ್ಮ ಮಗಳು ನಿಮ್ಮನ್ನೂ ಮೀರಿಸಿದ್ಲು. ನಮ್ಮ ಚಿಕ್ಕಪ್ಪ, ಚಕ್ರವರ್ತಿಗಳಿಗೆ ಅಂತ ಪದ್ಯ ಆರಿಸಿ ಕೊಡ್ತಾ ಇದಾರಲ್ಲ, ಆ ಸಂಗ್ರಹಕ್ಕೆ ಇದರಲ್ಲಿ ಮೂರು ಬರ್ಕೊಂಡಿದಾರೆ. ಅವಳ ಹೆಸರಲ್ಲೇ."

ತಜಿಮಾಗೆ ಮೊದಲು ಹೆಮ್ಮೆಯಾಯಿತು, ಆ ಹೆಮ್ಮೆಯ ಮೇಲೆಯೇ ಹೇಸಿಗೆಯಾಯಿತು. ಕಟ್ಟು ಬಿಚ್ಚಿ ಒಂದೊಂದಾಗಿ ನೋಡಿದಳು. ತನ್ನದು. ಇದು ತನ್ನದು. ಇದೂ ತನ್ನದೇ. ಮೂವತ್ತೆರಡೂ ಮುಗಿದವು.

"ಇನ್ನೊಂದಿದೆ," ಎಂದ ಹರುತೊಕಿ. "ಅವಳದಲ್ಲ, ಯಾವಳೋ ದಾಸಿ ಗೀಚಿರೋದು. ಸೂತ್ರದ ಹಾಳೆಗೆ ಅದನ್ನ ಸೇರಿಸಬಹುದೋ ಬಾರದೋ ಗೊತ್ತಾಗಲಿಲ್ಲ."

"ಕೊಡಿ ಇಲ್ಲಿ."

ಅಕ್ಷರ ಅಲ್ಲಾಡಿತ್ತು, ಸಾಲು ಸೊಟ್ಟಗಿತ್ತು.

ನಿನ್ನೆ ಬಣ್ಣ ಅದ್ದಿದ ಬಟ್ಟೆ
ಇನ್ನೂ ಒಣಗಿಲ್ಲ.
ಒಣಗುವುದರೊಳಗೆ ಬಾ.
ಹೊಲಿಯಬೇಕು, ನಿನ್ನ ಅಳತೆ
ಮರೆತುಹೋಗುತ್ತಿದೆ.

ತಜಿಮಾ ಅದನ್ನು ಮತ್ತೊಮ್ಮೆ ಮೊದಲಿಂದ ಓದಿದಳು. ಇದು ತನ್ನದಲ್ಲ.

"ನೋಡಿದ್ರಾ?" ಎಂದ ಅವನು. "ಚಂದ್ರ ಇಲ್ಲ, ಇಬ್ಬನಿ ಇಲ್ಲ, ಅಗಸಗಿತ್ತಿ ಮಾತು! ನಂಗೊಂದು ಓಲೆ ಬರೆಯೋಕೂ ಅವಳಿಗೆ ಬೇಜಾರಾಗಿ ದಾಸಿ ಕೈಲಿ ಬರೆಸಿದಾಳೆ ಅಂತ ಸಿಟ್ಟು ಬಂತು."

"ಏನು ಉತ್ತರ ಕೊಟ್ರಿ?"

"ದಾಸಿಗೆ ಉತ್ತರಾನಾ?"

ಮಿನೊಗೆ ಇನ್ನು ತಡೆಯಲಾಗಲಿಲ್ಲ. "ಹನ್ನೊಂದು ದಿನ ಸ್ವಾಮಿ! ಬೀದೀಲಿ ಗಾಡಿ ಸದ್ದು ಕೇಳ್ದಾಗೆಲ್ಲ 'ನೋಡೇ ಮಿನೊ, ಓಲೆ ಬಂತಾ' ಅಂತಿತ್ತು ಮಗು. ಜ್ವರ ಅಂತ ಹೇಳಿಕಳಿಸ್ತೀನಿ ಕಣವ್ವ ಅಂದ್ರೆ ಬ್ಯಾಡ ಅಂತು. ನನ್ನ ಪದ್ಯಕ್ಕೆ ಬರ್ಲಿ, ಜ್ವರಕ್ಕೆ ಬರೋದು ಬ್ಯಾಡ ಅಂತು."

ಆ ದಿನಗಳಲ್ಲಿ ತಜಿಮಾ ಅರಮನೆಯ ಪದ್ಯಸ್ಪರ್ಧೆಯಲ್ಲಿದ್ದಳು. ಮಹಾರಾಣಿಯ ಪಕ್ಷವನ್ನು ಗೆಲ್ಲಿಸಿಯೂ ಬಂದಿದ್ದಳು. ಹೇಳಿಕೊಡುವವರಿಲ್ಲದೆ, ಜ್ವರದ ಕೈಯಲ್ಲೇ, ಮಗಳು ಮೊದಲ ಸಲ ತಾನೇ ಕುಳಿತು ಬರೆದಿದ್ದಳು. ಅವಳನ್ನು ಕೊಂದದ್ದು ಜ್ವರ, ಸರಿ. ಆದರೆ ಕಾಯಿಸಿದ್ದು ಯಾರು? ಮೂವತ್ತೆರಡು ಸಲ ತಾಯಿಯ ಮಾತು ಕೇಳಿದ ಗಂಡನಿಗೆ ಹೆಂಡತಿಯ ದನಿ ಗುರುತು ಸಿಗಲಿಲ್ಲವೆಂದರೆ, ಅವನೊಬ್ಬನ ಮೇಲೆ ಗೂಬೆ ಕೂರಿಸಲು ತಜಿಮಾಗೆ ಬಾಯಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಮಗಳ ಹೆಸರು ದೊಡ್ಡವರ ಸಾಲಿನಲ್ಲಿ ನೂರು ಕಾಲ ಉಳಿಯುತ್ತಿತ್ತು. ಆದರೆ ಹಾಗೆ ಉಳಿಯುವವಳು ಸುನೆಕೊ ಆಗಿರುತ್ತಿರಲಿಲ್ಲ.

"ಅಳಿಯಂದಿರೇ, ಆ ಮೂವತ್ತೆರಡೂ ನಾನು ಕಟ್ಟಿದ್ದು. ಇದೊಂದೇ ಅವಳದು. ಚಿಕ್ಕಪ್ಪನವರಿಗೆ ಹೇಳಿ ಆ ಮೂರನ್ನ ತೆಗೆಸಿಬಿಡಿ."

ಹರುತೊಕಿ ತೆರೆಯ ಹತ್ತಿರಕ್ಕೆ ಸರಿದ.

"ಹಾಗಾದ್ರೆ ಮೂರು ವರ್ಷ ನಾನು ಬಂದುಹೋಗ್ತಾ ಇದ್ದಿದ್ದು ಯಾರ ಹತ್ರ?"

"ಬಟ್ಟೆ ಒಣಗೋದನ್ನ ನೋಡ್ತಾ ಕೂತಿದ್ದವಳ ಹತ್ರ."

ಅವನು ಅತ್ತ. ಬಿಕ್ಕಿ ಬಿಕ್ಕಿ, ನಾಚಿಕೆ ಬಿಟ್ಟು ಅತ್ತ. ಆಮೇಲೆ ಅವನು ಮಸಿ, ಕುಂಚ ಕೇಳಿದ. ಮಿನೊ ತಂದಿಟ್ಟಳು. ಕುಂಚ ಅದ್ದಿದ, ತಡೆದ.

"ಕೈ ಓಡ್ತಾ ಇಲ್ಲ ಅತ್ತೆಯವರೇ. ನೀವೇ ಒಂದು ಹೇಳಿಕೊಡಿ."

ಅಭ್ಯಾಸಬಲ. ಅವನು ಕೇಳಿ ಮುಗಿಸುವುದರೊಳಗೆ ಐದು ಸಾಲು, ಇಬ್ಬನಿ ಸಮೇತ, ಅವಳ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ತಜಿಮಾ ಹಲ್ಲು ಕಚ್ಚಿ ಅವನ್ನು ನುಂಗಿಕೊಂಡಳು.

"ಇಲ್ಲಪ್ಪ. ಅವಳು ಕೇಳಿದ್ದಕ್ಕೆ ಉತ್ತರ ಕೊಡು, ಸಾಕು."

ತೆರೆಯ ಮೇಲೆ ಅವನ ನೆರಳು ತೋಳು ಚಾಚಿತು. ಇನ್ನೊಂದು ಕೈಯಿಂದ ಗೇಣು ಹಾಕಿ ಹೆಗಲಿಂದ ಮಣಿಕಟ್ಟಿನವರೆಗೆ ಅಳೆಯಿತು, ಎಣಿಕೆ ತಪ್ಪಿ ಮತ್ತೆ ಅಳೆಯಿತು, ಆಮೇಲೆ ಕತ್ತಿನಿಂದ ಪಾದದವರೆಗೂ ಅಳೆಯಿತು. ಬರೆದದ್ದನ್ನು ಅವನು ಒಳಗೆ ಸರಿಸಿದ.

ತೋಳು ಒಂದು ಮೊಳ ಎಂಟು ಬೆರಳು.
ಕತ್ತಿನಿಂದ ಪಾದಕ್ಕೆ
ಮೂರು ಮೊಳ ನಾಲ್ಕು ಬೆರಳು.
ಒಣಗುವುದರೊಳಗೆ ಬರಲಿಲ್ಲ.
ಈಗ ಮೈ ಇಳಿದಿದೆ, ಸೊಂಟಕ್ಕೆ ಬಿಗಿಮಾಡು.

"ಹೊತ್ತಾಯ್ತು ತಾಯೀ," ಎಂದು ಕಾಗದದವನು ಹಿತ್ತಲಿಂದ ಕೂಗಿದ.

ಸುನೆಕೊಳ ಓಲೆ ಅಷ್ಟರಲ್ಲಿ ತಜಿಮಾಳ ಅಂಗಿಯ ತೋಳಿನೊಳಗೆ ಸೇರಿತ್ತು. ಮಿನೊ ಅದನ್ನು ಕಂಡಿದ್ದಳು. "ಇಟ್ಕೊಳ್ಳಿ ಅಮ್ಮಾವ್ರೇ. ಒಂದು ಕಮ್ಮಿ ಆದ್ರೆ ಬುದ್ಧ ದೇವ್ರು ಎಣಿಸ್ತಾ ಕೂತ್ಕೊಳ್ಳಲ್ಲ."

"ಉತ್ತರ ಒಂದನ್ನೇ ಕಳಿಸಿದ್ರೆ ಅವಳಿಗೆ ಯಾವುದರ ಉತ್ತರ ಅಂತ ಹೇಗೆ ಗೊತ್ತಾಗುತ್ತೆ?" ಎಂದಳು ತಜಿಮಾ. ಓಲೆಯನ್ನು ಹೊರತೆಗೆದು, ಅವನ ಹಾಳೆಯನ್ನು ಅದರ ಮೇಲೆ ಮುಖಕ್ಕೆ ಮುಖ ಕೊಟ್ಟು ಮಡಿಸಿ, ಬುಟ್ಟಿಯಲ್ಲಿಟ್ಟಳು. ಕಾಗದದವನು ಬುಟ್ಟಿ ಹೊತ್ತುಕೊಂಡು ಹೊಳೆಯ ಕಡೆಗೆ ನಡೆದ.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ತಜಿಮಾ ಮಗಳ ಐದು ಸಾಲನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ತಾನು ಕಟ್ಟಿದ ನೂರಾರು ಪದ್ಯಗಳಲ್ಲಿ ಒಂದಾದರೂ ಆ ಹೊತ್ತು ಅವಳ ನೆನಪಿಗೆ ಬರಲಿಲ್ಲ.