ಹತ್ತಿ ಬಲೆಯ ತುಂಡು

ಕುಷ್ಟನ ಹೆಣವನ್ನು ಆಂಬ್ಯುಲೆನ್ಸಿನಿಂದ ಇಳಿಸಿ ಅಂಗಳ ದಾಟಿಸುವಾಗ ರಾಜೀವನ ಕಾಲಿಗೆ ಬಲೆ ಸುತ್ತಿಕೊಂಡಿತು. ಹೊತ್ತವರೆಲ್ಲ ನಿಂತರು. ನಾಲ್ಕು ತಿಂಗಳ ಹಿಂದೆ ಕುಷ್ಟನೇ ಅರ್ಧ ಹೊಲಿದು ಬಿಟ್ಟಿದ್ದ ಬಲೆ. ಸೂಜಿ ಅದರ ಕಣ್ಣಿಗೆ ಸಿಕ್ಕಿಸಿದ ಹಾಗೆಯೇ ಇತ್ತು.

"ಬಿಡುದಿಲ್ಲ ಕಾಣ್ ಅವ," ಎಂದ ರಾಜೀವ. "ಮುಗ್ಸಿಯೇ ಹೋತೆ ಅಂತ."

ಯಾರೂ ನಗಲಿಲ್ಲ. ಇಪ್ಪತ್ತು ವರ್ಷ ಒಂದೇ ದೋಣಿಯಲ್ಲಿ ಕುಷ್ಟನ ಜೊತೆ ದುಡಿದ ರಾಜೀವನೂ ನಗಲಿಲ್ಲ.

ಮರವಂತೆಯ ಆ ದಂಡೆಯಲ್ಲಿ ಅಂದು ಯಾರೂ ದೋಣಿ ಇಳಿಸಿರಲಿಲ್ಲ. ಅಂಗಳದ ತುಂಬ ಜನ. ನಲವತ್ತಾರು ವರ್ಷದ ಆಳು. ಮೊನ್ನೆ ಮೊನ್ನೆ ಬಲೆಯ ಹೊರೆ ಹೊತ್ತು ಒಬ್ಬನೇ ಹೆದ್ದಾರಿ ದಾಟಿ ಬಂದವನು.

"ಕುಡುದಿಲ್ಲ, ಸೇದುದಿಲ್ಲ. ಹಾಂಗಾರೆ ಈ ಕ್ಯಾನ್ಸರ್ ಬಂದದ್ದ್ ಎಲ್ಲಿಂದ ಮಾರಾಯ್ತಿ?" ನೆರೆಮನೆಯ ಸರೋಜ ಯಾರನ್ನೋ ಕೇಳಿದಳು.

ಉತ್ತರ ಕೊಟ್ಟವಳು ಕುಷ್ಟನ ತಾಯಿ ಬಾಗಿ. ಎಪ್ಪತ್ತನಾಲ್ಕರ ಮುದುಕಿ, ಗೋಡೆಗೆ ಒರಗಿ ಕೂತಿದ್ದಳು. "ನಂಗೊತ್ತಿತ್ತ್. ಇವ್ಳ್ ಬೇಯ್ಸಿ ಹಾಕಿದ ಒಣಮೀನ್. ಉಪ್ಪ್ ತಿನ್ಸಿ ತಿನ್ಸಿ ನನ್ ಮಗನ್ ಕರುಳ್ ಸುಟ್ಳ್."

'ಇವಳು' ಅಂದರೆ ಸೊಸೆ ಸುಗುಣ. ಗಂಡನ ತಲೆಯ ಹತ್ತಿರ ಕೂತಿದ್ದ ಅವಳು ಮುಖ ಎತ್ತಲಿಲ್ಲ. ಪಕ್ಕದಲ್ಲಿದ್ದ ಮಗಳು ಮೋಕ್ಷಿತಾ ಬಾಯಿ ತೆರೆದಳು.

"ಅಜ್ಜಿ, ಡಾಕ್ಟ್ರ್ ಕೊಟ್ಟ ಕಾಗ್ದದಲ್ಲಿ..."

ಸುಗುಣ ಮಗಳ ಮೊಣಕಾಲನ್ನು ಅದುಮಿದಳು.

"ಎಂತ ಕಾಗ್ದ? ಸೋಮ್ವಾರ ಪರೀಕ್ಷಿಗೆ ರಕ್ತ ಕೊಡುಕೆ ಹೋಪ ಕಾಗ್ದವಾ?" ಎಂದಳು ಬಾಗಿ. "ಹೋಪ್ದ್ ಬ್ಯಾಡ ಅಂತ ಎಷ್ಟ್ ಸಲ ಹೇಳೂದ್? ಕ್ಯಾನ್ಸರ್ ಮನೆ ಹೆಣ್ಣ್ ಅಂತ ಊರಿಗೆಲ್ಲ ಗೊತ್ತಾರೆ, ಇದನ್ನ ಮದಿ ಆಪುವ್ರ್ ಯಾರ್?"

*

ಕಾಯಿಲೆ ಗೊತ್ತಾದ ತಿಂಗಳಲ್ಲೇ ಆಸ್ಪತ್ರೆಯ ಡಾಕ್ಟರಮ್ಮ ಕುಷ್ಟ, ಸುಗುಣ ಇಬ್ಬರನ್ನೂ ಕೂರಿಸಿಕೊಂಡು ಬಿಳಿ ಕಾಗದದ ಮೇಲೆ ಒಂದು ಸೊನ್ನೆ ಬರೆದಿದ್ದರು.

"ಇದು ಮೈಯೊಳಗಿನ ಒಂದು ಜೀವಕಣ. ಇದರಲ್ಲಿ ಒಂದು ಪ್ರೋಟೀನ್ ಇರುತ್ತದೆ. ಅದರದ್ದು ಒಂದೇ ಕೆಲಸ ಅಲ್ಲ. ಕಣ ಎಲ್ಲಿ ಹಾಳಾಗಿದೆ ಅಂತ ನೋಡುತ್ತದೆ. ಹಾಳಾದದ್ದು ಬೆಳೆಯದ ಹಾಗೆ ತಡೆಯುತ್ತದೆ. ರಿಪೇರಿ ಮಾಡಿಸುತ್ತದೆ. ರಿಪೇರಿ ಆಗದಿದ್ದರೆ ಆ ಕಣವನ್ನೇ ಸಾಯಿಸುತ್ತದೆ. ನಿಮ್ಮ ರಕ್ತ ನೋಡಿದರೆ, ನಿಮ್ಮಲ್ಲಿ ಅದು ಹುಟ್ಟುವಾಗಲೇ ಕೆಟ್ಟಿದೆ. ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ?"

"ಅಬ್ಬಿಯ ಅಪ್ಪಯ್ಯಂಗೆ," ಎಂದ ಕುಷ್ಟ. ತಾಯಿಯ ಕಡೆಯವರನ್ನು ಬೆರಳಲ್ಲಿ ಎಣಿಸುತ್ತ, "ಅಬ್ಬಿಯ ತಂಗಿಗೂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತಾಯಿಯ ಕಡೆಯಿಂದ ಬಂದಿರಬೇಕು, ಮಗಳಿಗೂ ಇರಬಹುದು ಅಂದರು. ರಕ್ತ ನೋಡಿ ಮೊದಲೇ ತಿಳಿದುಕೊಂಡರೆ ಕಾಯಿಲೆ ಬಂದರೂ ಬೇಗ ಹಿಡಿಯಬಹುದು ಅಂದರು.

ವಾಪಸು ಬರುವಾಗ ಬಸ್ಸು ಕುಂದಾಪುರ ದಾಟಿತು. ಕುಷ್ಟ ನಕ್ಕ.

"ನಾನ್ ಬಲೆಗ್ ಮಾಡು ಕೆಲ್ಸವೇ ಅಲ್ದಾ ಅದ್? ಹರ್ದದ್ದ್ ಕಾಂಬ್ದ್, ಇದನ್ನ ಕಡ್ಲಿಗ್ ಬಿಡುಕಾಗ ಅಂಬ್ದ್, ಹೊಲಿಯುದ್, ಆತಿಲ್ಲ ಅಂದ್ರೆ ಕತ್ತರ್ಸಿ ಬಿಸಾಡುದ್. ನನ್ನೊಳ್ಗಿಪ್ಪವ ಹುಟ್ಟಿದಾಗಿಂದ ನಿದ್ದಿ ಹೊಡಿತಿದ್ದ ಕಾಣ್."

ಸುಗುಣ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಬ್ಬಿಗ್ ಹೇಳ್ಬೇಡ," ಎಂದ ಅವನು. "ತನ್ನಿಂದ ಬಂತ್ ಅಂತ ಗೊತ್ತಾರೆ ಅದ್ ಬದ್ಕುದಿಲ್ಲ. ಬೈದ್ರೆ ಬೈಸ್ಕೊ. ಮಗ್ಳನ್ನ ಮಾತ್ರ ಕರ್ಕಂಡ್ ಹೋಗ್."

ಎರಡಕ್ಕೂ ಅವಳು ಹೂಂ ಅಂದಿದ್ದಳು.

*

ಬಾಯಿಗೆ ತುಳಸಿ ನೀರು ಬಿಟ್ಟಾಯಿತು. ಗಂಡಸರು ಹೆಣ ಎತ್ತಿಕೊಂಡು ಕಡಲ ದಂಡೆಗೆ ಹೋದರು. ಹೆಂಗಸರು ಮನೆಯ ಹಿಂದಿನ ಬಾವಿಗೆ ಮೀಯಲು ಬಂದರು. ಸರೋಜ ನೀರು ಸೇದಿದಳು. ಮೋಕ್ಷಿತಾ ಒಗೆಯುವ ಕಲ್ಲಿನ ಮೇಲೆ ಕೂತ ಅಜ್ಜಿಯ ತಲೆಗೆ ಹೊಯ್ದಳು.

"ಒಣಮೀನ್," ಬಾಗಿ ಮತ್ತೆ ಶುರು ಮಾಡಿದಳು. "ಎಲ್ಲ ಆ ಒಣಮೀನ್."

ಮೋಕ್ಷಿತಾಳ ಕೈಯ ತಂಬಿಗೆ ನಿಂತಿತು.

"ಅಲ್ಲ ಅಜ್ಜಿ. ಅಪ್ಪಯ್ಯಂಗೆ ಹುಟ್ಟುವಾಗ್ಲೇ ಬಂದದ್ದ್. ನಿನ್ ಅಪ್ಪಯ್ಯಂಗೂ ಅದೇ, ನಿನ್ ತಂಗಿಗೂ ಅದೇ. ನಂಗೂ ಇಪ್ಪುಕ್ ಸಾಕ್."

"ಮಗಾ, ಸುಮ್ನಿರ್," ಎಂದಳು ಸುಗುಣ.

ಬಾಗಿಯ ಬಿಳಿ ಕೂದಲಿನಿಂದ ನೀರು ಇಳಿಯುತ್ತಿತ್ತು. "ನನ್ ಕಡಿಯಿಂದ್ಲಾ?" ಎಂದು ಕೇಳಿದಳು.

ಸುಗುಣ ಬಗ್ಗಿ ಅತ್ತೆಯ ಬೆನ್ನು ಉಜ್ಜತೊಡಗಿದಳು. "ನಿಮ್ಗೆ ಎಂತ ಆಯ್ಲಿಲ್ಲ ಅಲ್ದಾ ಅತ್ತೆ? ಗಟ್ಟಿ ಇದ್ದ್ರಿ. ಬೇರೆ ಎಲ್ಲಿಂದಾರೂ ಬಂದಿರ್ಕ್. ಒಣಮೀನಿಂದ್ಲೇ ಆಯ್ಕ್."

ಬಾಗಿ ಅವಳ ಕೈ ಹಿಡಿದು ಸರಿಸಿದಳು. ಸೆರಗು ಇಳಿಸಿ ಒಂದೊಂದೇ ಗುಂಡಿ ಬಿಚ್ಚಿದಳು. ರವಿಕೆಯೊಳಗಿಂದ ಬಟ್ಟೆಯ ಒದ್ದೆ ಗಂಟೊಂದು ಕಲ್ಲಿನ ಮೇಲೆ ಬಿತ್ತು. ಎಡಗಡೆ ಎದೆ ಇರಲಿಲ್ಲ. ಕಂಕುಳಿನಿಂದ ನಡು ಎದೆಯವರೆಗೆ ಬಿಳಿಯ ಗಾಯದ ಗೆರೆ.

ನಲವತ್ತು ವರ್ಷ ಇದೇ ಬಾವಿಕಟ್ಟೆಯಲ್ಲಿ ಜೊತೆಯಲ್ಲಿ ಮಿಂದ ಸರೋಜಳ ಕೈಯಿಂದ ಹಗ್ಗ ಜಾರಿ ಕೊಡಪಾನ ಬಾವಿಗೆ ಬಿತ್ತು.

"ಬೊಂಬಾಯಿಗ್ ಹೋದಾಗ ತೆಗ್ಸಿದ್ದ್," ಎಂದಳು ಬಾಗಿ. "ಕುಷ್ಟಂಗೆ ಆಗ ಏಳ್ ವರ್ಷ. ಇಲ್ಲಿ ಎಲ್ಲರಿಗೂ ಕುರು ಅಂತ ಹೇಳಿದ್ದ್. ಅವ್ನ್ ಅಪ್ಪಯ್ಯನ ಬಿಟ್ರೆ ಯಾರಿಗೂ ಗೊತ್ತಿಲ್ಲೆ. ಮಗಂಗೂ ಹೇಳ್ಲಿಲ್ಲ ನಾನ್."

ಕೊನೆಯ ಮಾತನ್ನು ಅವಳು ಇನ್ನೊಮ್ಮೆ ಹೇಳಿದಳು. ನಂತರ ಮೊಮ್ಮಗಳ ಕೈ ಎಳೆದು ಆ ಗೆರೆಯ ಮೇಲೆ ಇಟ್ಟುಕೊಂಡಳು.

"ಸೋಮ್ವಾರ ಎಷ್ಟ್ ಗಂಟಿಗ್ ಹೋಯ್ಕ್?"

"ಒಂಬತ್ತಕ್ಕೆ," ಎಂದಳು ಮೋಕ್ಷಿತಾ.

"ನಾನೂ ಬತ್ತೆ. ನನ್ ರಕ್ತ್ವೂ ಕಾಣ್ಲಿ."

ಸುಗುಣ ಕಲ್ಲಿನ ಮೇಲಿದ್ದ ಗಂಟನ್ನು ಎತ್ತಿಕೊಂಡಳು. ಹೊಲಿಗೆ ಬಿಟ್ಟಿತ್ತು. ಒಳಗೆ ಹತ್ತಿ ನೂಲಿನ ಬಲೆಯ ತುಂಡು, ನೈಲಾನು ಬರುವ ಮೊದಲಿನದ್ದು, ಮಾವ ಕಡಲಿಗೆ ಒಯ್ಯುತ್ತಿದ್ದದ್ದು. ಅವಳು ಅದನ್ನು ಹಿಂಡಿ ಅತ್ತೆಯ ಮುಖ ನೋಡಿದಳು. ಬಾಗಿ ಕೈ ಚಾಚಲಿಲ್ಲ.

ಅಂಗಳದ ಹಗ್ಗದಲ್ಲಿ ಕುಷ್ಟನ ಅಂಗಿಯೊಂದು ಒಣಗಿ ನಿಂತಿತ್ತು. ಸುಗುಣ ಅಲ್ಲಿಗೆ ಹೋಗಿ ಬಲೆಯ ತುಂಡನ್ನು ಬಿಡಿಸಿ, ಹೆದ್ದಾರಿಯಿಂದಲೂ ಕಾಣುವ ಹಾಗೆ, ಅದರ ಪಕ್ಕಕ್ಕೆ ಹರವಿದಳು. ಕಣ್ಣು ಕಣ್ಣಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಅದರಾಚೆ, ದಂಡೆಯ ಕಡೆಯಿಂದ, ಹೊಗೆ ಏಳತೊಡಗಿತ್ತು.